ಅನಿಲವನ್ನು ಅಳೆಯುವ ಬಗೆ

ಕೊಡದಲ್ಲಿ ನೀರೆಷ್ಟಿದೆಯೆಂಬುದನ್ನು ಇಣುಕಿ ನೋಡಿ ಹೇಳಬಹುದು. ಕಣದಲ್ಲಿ ರಾಗಿ ಎಷ್ಟಿದೆಯೆಂಬುದನ್ನು ಕೊಳಗದಿಂದ ಅಳೆದು ಹೇಳಬಹುದು. ಅನಿಲದ ರೀತಿಯೇ ಬೇರೆ. ಅದಕ್ಕೆ ಸ್ವಂತ ಆಕಾರವಿಲ್ಲ, ನಿಶ್ಚಿತವಾದ ಗಾತ್ರವೂ ಇಲ್ಲ. ಎಷ್ಟು ಅಲ್ಪವಾಗಿದ್ದರೂ ಅದು ಪಾತ್ರೆಯ ಮೂಲೆಮೂಲೆಗೂ ಹರಡಿಕೊಳ್ಳುತ್ತದೆ. ಹಾಗಾದರೆ ಅದನ್ನು ಅಳೆಯುವುದೆಂತು?

ದಾರಿ ತೋರಿದವನು ರಾಬರ್ಟ್ ಬಾಯ್ಲ್. ಉಷ್ಣತೆ ಬದಲಾಗದಿದ್ದಲ್ಲಿ, ಅನಿಲವನ್ನು ಅರ್ಧ ಗಾತ್ರಕ್ಕೆ ಅದುಮಿದಾಗ ಅದರ ಒತ್ತಡ ಇಮ್ಮಡಿಯಾಗುವುದೆಂದು ಅವನು 1662ರಲ್ಲಿ ಪ್ರಕಟಿಸಿದನು. ಎಂದರೆ, ಒತ್ತಡವನ್ನು ಗಾತ್ರದಿಂದ ಗುಣಿಸಿದಾಗ ದೊರೆಯುವ ಗುಣಲಬ್ಧ ಮಾರ್ಪಡುವುದಿಲ್ಲ. ಅನಿಲದ ಮೊತ್ತವನ್ನು ತಿಳಿಸುವುದು ಈ ಗುಣಲಬ್ಧವೇ.

ಆಸ್ಪತ್ರೆಯ ಆಮ್ಲಜನಕದ ಸಿಲಿಂಡರುಗಳನ್ನು ನೋಡಿರಿ. ಸಣ್ಣದರ ಒಳಗಾತ್ರ ಸುಮಾರು 10 ಲೀಟರು. ದೊಡ್ಡದರದು ಸುಮಾರು 46 ಲೀಟರು. ಎರಡರಲ್ಲಿಯೂ ವಾಯುಮಂಡಲದ ಒತ್ತಡದ 150ರಷ್ಟು ಒತ್ತಡವಿದೆಯೆನ್ನೋಣ. ಹೊರಗೆ ಬಿಟ್ಟಾಗ ಸಣ್ಣದರಿಂದ 1,500 ಲೀಟರು, ದೊಡ್ಡದರಿಂದ 6,900 ಲೀಟರು ಆಮ್ಲಜನಕ ದೊರೆಯುತ್ತದೆ. ರೋಗಿಗೆ ನಿಮಿಷಕ್ಕೆ 5 ಲೀಟರು ಬೇಕಾದರೆ ಮೊದಲನೆಯದು 5 ಗಂಟೆ ಬರುತ್ತದೆ, ಎರಡನೆಯದು 23 ಗಂಟೆ. ಮಾಪಕದ ಮುಳ್ಳು ಮಾತ್ರ ಎರಡರ ಮೇಲೂ ಒಂದೇ ಅಂಕಿಯನ್ನು ತೋರಿಸುತ್ತಿರುತ್ತದೆ!

ಮುಳ್ಳನ್ನಷ್ಟೇ ನಂಬಿದವನು ಮೋಸಹೋಗುತ್ತಾನೆ. ರೋಗಿಯನ್ನು ನಾಲ್ಕು ಗಂಟೆಯ ಹಾದಿಯ ಊರಿಗೆ ಒಯ್ಯಬೇಕಾಗಿದೆ. ಮುಳ್ಳು 75ರಲ್ಲಿ ನಿಂತಿದೆ. ದೊಡ್ಡ ಸಿಲಿಂಡರಾದರೆ ಚಿಂತೆಯಿಲ್ಲ. ಸಣ್ಣದಾದರೆ ಎರಡೂವರೆ ಗಂಟೆಗೇ ಬರಿದಾದೀತು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ ಪಿಡುಗು ಉಲ್ಬಣಿಸಿ ಆಮ್ಲಜನಕಕ್ಕೆ ಹಾಹಾಕಾರವೆದ್ದಾಗ, ಪ್ರಾಣದ ಅವಧಿಯನ್ನು ಎಣಿಸುವ ಲೆಕ್ಕ ಇದೇ ಆಗಿತ್ತು. ಇಷ್ಟು ಸಣ್ಣ ಗುಣಾಕಾರವನ್ನು ಪರೀಕ್ಷೆಗೆಂದು ಮಾತ್ರ ಕಲಿಯುವುದು ನನಗೆ ಸರಿಕಾಣದು. ಅತಿಯಾದ ಒತ್ತಡದಲ್ಲಿ ಬಾಯ್ಲನ ನಿಯಮವೂ ಕೊಂಚ ವ್ಯತ್ಯಾಸ ತೋರುವುದುಂಟು. ಮೇಲಾಗಿ, ಸಿಲಿಂಡರಿನ ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾದೊಡನೆ ಉಳಿದ ಅನಿಲ ಹೊರಬರುವುದಿಲ್ಲ. ಆದುದರಿಂದ ಬಲ್ಲವರು ಲೆಕ್ಕಕ್ಕಿಂತ ತುಸು ಮೊದಲೇ ಸಿಲಿಂಡರನ್ನು ಬದಲಿಸುತ್ತಾರೆ.

ಅಡುಗೆಮನೆಯ ಸಿಲಿಂಡರಿಗೆ ಈ ಲೆಕ್ಕ ಸಲ್ಲದು. ಅದರೊಳಗಿನ ಇಂಧನದ ಬಹುಭಾಗ ದ್ರವರೂಪದಲ್ಲಿರುತ್ತದೆ. ಮೇಲಿನ ಅನಿಲ ಉರಿದು ಕಡಿಮೆಯಾದಂತೆ ದ್ರವ ಆವಿಯಾಗಿ ಆ ಕೊರತೆಯನ್ನು ತುಂಬುತ್ತದೆ. ಉಷ್ಣತೆ ಒಂದೇ ಆಗಿದ್ದರೆ, ದ್ರವವು ಉಳಿದಿರುವವರೆಗೆ ಒತ್ತಡವೂ ಒಂದೇ. ಅಲ್ಲಿ ತಕ್ಕಡಿಯೇ ಗತಿ. ಬರಿಯ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ತೂಗಿ ನೋಡಿ ಅದನ್ನು ಕಳೆದರೆ, ತುಂಬಿಸಿದ 14.2 ಕಿಲೋಗ್ರಾಮಿನಲ್ಲಿ ಎಷ್ಟು ಉಳಿದಿದೆಯೆಂಬುದು ತಿಳಿಯುತ್ತದೆ.