ಬಳ್ಳಾರಿ ಸೀಮೆಯ ಸಾರ್ವಜನಿಕ ಗ್ರಂಥಾಲಯಗಳು: ಓದು, ಕೇಳ್ಮೆ ಮತ್ತು ಸಮುದಾಯ

ಗ್ರಂಥಾಲಯವೆಂದರೆ ಮೌನವಾಗಿ ಕುಳಿತು ಓದುವ ಸ್ಥಳವೆಂಬ ಕಲ್ಪನೆ ಆಧುನಿಕ ಶಿಕ್ಷಣದೊಂದಿಗೆ ಬಂದುದು. ಬಳ್ಳಾರಿ ಸೀಮೆಯ ಓದಿನ ಪರಂಪರೆ ಇದಕ್ಕಿಂತ ಭಿನ್ನವಾದುದು. ಮಠದ ಅಂಗಳದ ಪುರಾಣ ಪ್ರವಚನ, ಗುಡಿಯ ಕಟ್ಟೆಯ ಭಜನೆ, ಸುಗ್ಗಿಯ ನಂತರದ ಬಯಲಾಟದ ತಾಲೀಮು ಇವೆಲ್ಲವುಗಳಲ್ಲಿ ಅಕ್ಷರ ಬಲ್ಲವನೊಬ್ಬ ಓದುತ್ತಾನೆ, ಊರು ಕೇಳುತ್ತದೆ. ಇಲ್ಲಿ ಓದು ಸಾಮೂಹಿಕ ಕ್ರಿಯೆ. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಪರಿಸರದ ಸಾರ್ವಜನಿಕ ಗ್ರಂಥಾಲಯಗಳ ಸೇವೆಯನ್ನು ಈ ಹಿನ್ನೆಲೆಯಲ್ಲಿ ನೋಡದೆ, ಕೇವಲ ಎರವಲು ಹೋದ ಪುಸ್ತಕಗಳ ಲೆಕ್ಕದಿಂದ ಅಳೆಯುವುದು ಅಪೂರ್ಣವಾಗುತ್ತದೆ.

ಗ್ರಂಥಾಲಯದ ಕಾಯಿದೆ ಈ ಭಾಗಕ್ಕೆ ಬಂದ ಬಗೆ ಕುತೂಹಲಕರವಾಗಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದರಾಸು ರಾಜ್ಯದ ಭಾಗವಾಗಿತ್ತು. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ ಅವರ ದೀರ್ಘ ಪ್ರಯತ್ನದ ಫಲವಾಗಿ ಆ ರಾಜ್ಯದಲ್ಲಿ 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕಾರವಾಗಿತ್ತು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದಾಗ ಈ ಕಾಯಿದೆಯೂ ಅವುಗಳ ಜೊತೆಗೇ ಬಂದಿತು. ಹಳೆಯ ಮೈಸೂರಿನಲ್ಲಿ ಆಗ ಅಂತಹ ಕಾಯಿದೆಯೇ ಇರಲಿಲ್ಲ. ಅಂದರೆ ಗ್ರಂಥಾಲಯಕ್ಕಾಗಿ ಕರ ಕೊಡುವ ಪದ್ಧತಿಯಲ್ಲಿ ಗಡಿಯ ಜಿಲ್ಲೆಯೇ ನಡುನಾಡಿಗಿಂತ ಮುಂದಿತ್ತು. ಸಿರುಗುಪ್ಪದಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ರಾಯಚೂರು ಸೀಮೆಯಲ್ಲಿ 1955ರ ಹೈದರಾಬಾದ್ ಕಾಯಿದೆ ನಡೆಯುತ್ತಿತ್ತು. ಒಂದೇ ನದಿಯ ಎರಡು ದಡಗಳಲ್ಲಿ ಎರಡು ಕಾನೂನುಗಳಿದ್ದ ಈ ಸ್ಥಿತಿಯನ್ನು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಕೊನೆಗೊಳಿಸಿತು. 1966ರ ನವೆಂಬರ್ 1ರಂದು ಸಾರ್ವಜನಿಕ ಗ್ರಂಥಾಲಯ ಇಲಾಖೆ ಅಸ್ತಿತ್ವಕ್ಕೆ ಬಂದಿತು.

ಆಸ್ತಿ ತೆರಿಗೆಯೊಂದಿಗೆ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಶೇಕಡ 6ರ ಗ್ರಂಥಾಲಯ ಕರವೇ ಈ ವ್ಯವಸ್ಥೆಯ ಆಧಾರ. ವಸೂಲಾದ ಹಣ ಗ್ರಂಥಾಲಯದವರೆಗೆ ಸಕಾಲಕ್ಕೆ ತಲುಪುವುದಿಲ್ಲವೆಂಬುದು ರಾಜ್ಯದಾದ್ಯಂತ ಕೇಳಿಬರುವ ಹಳೆಯ ದೂರು. ಮನೆಕಂದಾಯ ಕಟ್ಟುವ ಪ್ರತಿಯೊಬ್ಬನೂ ಓದು ಬಾರದವನಾದರೂ ಗ್ರಂಥಾಲಯದ ಪಾಲುದಾರನೆಂಬುದನ್ನು ಮಾತ್ರ ಓದುಗರೂ ಅಧಿಕಾರಿಗಳೂ ಸಮಾನವಾಗಿ ಮರೆತಿದ್ದಾರೆ.

ಗ್ರಂಥಾಲಯದ ಅತ್ಯಂತ ಜೀವಂತವಾದ ಭಾಗ ಪತ್ರಿಕಾ ವಿಭಾಗ. ಅಲ್ಲಿ ಕುಳಿತು ಓದಲು ಸದಸ್ಯತ್ವ ಬೇಕಿಲ್ಲ, ಠೇವಣಿಯೂ ಬೇಕಿಲ್ಲ. ನಿವೃತ್ತ ನೌಕರರು, ಸಂತೆಗೆಂದು ಪೇಟೆಗೆ ಬಂದ ರೈತರು, ಕೆಲಸವಿಲ್ಲದ ದಿನದ ಕೂಲಿಕಾರರು ಒಂದೇ ಮೇಜಿನ ಸುತ್ತ ಸೇರುವ ಇಂತಹ ಜಾಗಗಳು ನಮ್ಮ ಪಟ್ಟಣಗಳಲ್ಲಿ ಬಹಳ ಇಲ್ಲ. ಸಿರುಗುಪ್ಪ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಸೀಮೆ. ಜಲಾಶಯದ ನೀರಿನ ಮಟ್ಟ, ಬತ್ತದ ಧಾರಣೆ ಇವು ಇಲ್ಲಿ ಬದುಕಿನ ಸುದ್ದಿಗಳು. ಒಬ್ಬ ಗಟ್ಟಿಯಾಗಿ ಓದಿ ಹೇಳುವುದು, ಉಳಿದವರು ಅದಕ್ಕೆ ಮಾತು ಸೇರಿಸುವುದು ಗ್ರಂಥಾಲಯದ ಶಿಸ್ತಿಗೆ ಭಂಗವೆಂದು ಕಾಣಬಹುದು. ಜಾನಪದದ ದೃಷ್ಟಿಯಿಂದ ಅದು ಹಳೆಯ ಚಾವಡಿಯ ಮುಂದುವರಿಕೆ. ಇನ್ನೊಂದೆಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರಿಗೆ ನಿಶ್ಶಬ್ದವೇ ಬೇಕು. ಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದವರಿಗೆ ಗ್ರಂಥಾಲಯದ ಕುರ್ಚಿಯೇ ಓದಿನ ಕೋಣೆ. ಈ ಎರಡೂ ಬೇಡಿಕೆಗಳು ನ್ಯಾಯವಾದುವು. ಒಂದೇ ಹಜಾರದ ಕಟ್ಟಡದಲ್ಲಿ ಎರಡನ್ನೂ ಪೂರೈಸುವುದು ಗ್ರಂಥಪಾಲಕರ ನಿತ್ಯದ ತೊಡಕು.

2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಇವೇ ಈಗಿನ ಅರಿವು ಕೇಂದ್ರಗಳು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಆ ವರ್ಷ ಈ ಯೋಜನೆಗೆ ಬಂದ ಬೆಲೆ ಸಾಮಾನ್ಯವಾದುದಲ್ಲ. ಆದರೆ ಇದರ ಪರಿಣಾಮವಾಗಿ ಪಟ್ಟಣದ ಗ್ರಂಥಾಲಯ ಒಂದು ಇಲಾಖೆಗೆ, ಸುತ್ತಲಿನ ಹಳ್ಳಿಗಳದು ಇನ್ನೊಂದು ಇಲಾಖೆಗೆ ಸೇರಿದುವು. ಇತ್ತೀಚೆಗೆ ತಾಲ್ಲೂಕು ಕೇಂದ್ರವಾದ ಕುರುಗೋಡಿನಂತಹ ಊರಿಗೆ ಇದು ಮುಖ್ಯವಾದ ಸಂಗತಿ. ಹಳ್ಳಿಯಿಂದ ದೊಡ್ಡಬಸವೇಶ್ವರನ ಜಾತ್ರೆಗೆ ಬರುವ ಜನಕ್ಕೆ ಪೇಟೆ ಬೇರೆ, ಹಳ್ಳಿ ಬೇರೆ ಎಂಬ ಗಡಿಯಿಲ್ಲ. ಪುಸ್ತಕಕ್ಕೆ ಮಾತ್ರ ಆ ಗಡಿ ಬಂದಿತು.

ಭಾಷೆಯ ಪ್ರಶ್ನೆಯೂ ಇಲ್ಲಿದೆ. ಕನ್ನಡದ ಜೊತೆಗೆ ತೆಲುಗು, ಉರ್ದು ಮನೆಮಾತಿನ ಜನರು ಈ ಭಾಗದಲ್ಲಿ ಗಣನೀಯವಾಗಿದ್ದಾರೆ. 1926, 1938 ಮತ್ತು 1958ರಲ್ಲಿ ಮೂರು ಬಾರಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಬಳ್ಳಾರಿಯೇ, ತೆಲುಗು ರಂಗಭೂಮಿಯಲ್ಲಿ ಹೆಸರಾದ ಬಳ್ಳಾರಿ ರಾಘವರ ಊರೂ ಹೌದು. ಈ ಕೂಡುಬಾಳಿನ ಅತ್ಯುತ್ತಮ ನಿದರ್ಶನ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ. ತೆಲುಗು ಮನೆಮಾತಿನ ಬುಡ್ಗಜಂಗಮ ಸಮುದಾಯದ ಈಕೆ ಬುರ್ರಕಥೆಗಳನ್ನು ಕನ್ನಡದಲ್ಲಿ ಹಾಡಿದರು. ಅಕ್ಷರ ಕಲಿಯದ ಈರಮ್ಮನವರ ಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಗ್ರಂಥರೂಪಕ್ಕೆ ತಂದಿತು. ಅವರು 2014ರಲ್ಲಿ ತೀರಿಕೊಂಡರು. ತೊಗಲುಗೊಂಬೆಯಾಟಕ್ಕೆ ಗಾಂಧೀಜಿಯವರ ಕಥೆಯನ್ನು ತಂದ ಬೆಳಗಲ್ಲು ವೀರಣ್ಣ 2023ರಲ್ಲಿ ಅಪಘಾತದಲ್ಲಿ ನಿಧನರಾದರು.

ಇಂತಹ ಹಿರಿಯರ ನೆನಪಿನಲ್ಲಿದ್ದುದೂ ಒಂದು ಗ್ರಂಥಭಂಡಾರವೇ. ಸಾರ್ವಜನಿಕ ಗ್ರಂಥಾಲಯದ ಪುಸ್ತಕ ಆಯ್ಕೆಯ ಕ್ರಮದಲ್ಲಿ ಅದಕ್ಕೆ ಸ್ಥಾನವಿಲ್ಲ. ಸಗಟು ಖರೀದಿಯಲ್ಲಿ ಆಯ್ಕೆಯಾಗುವುದು ಹೊಸದಾಗಿ ಪ್ರಕಟವಾದ ಗ್ರಂಥ. ಅದು ಎಲ್ಲ ಜಿಲ್ಲೆಗಳಿಗೂ ಒಂದೇ ಬಗೆಯಲ್ಲಿ ಹಂಚಿಕೆಯಾಗುತ್ತದೆ. ಬಯಲಾಟದ ಮಾಸ್ತರರು ಕೈಯಾರೆ ಬರೆದುಕೊಂಡ ಪ್ರತಿಗಳು, ಜಾತ್ರೆಯಲ್ಲಿ ಮಾರುವ ಅಗ್ಗದ ಹಾಡಿನ ಪುಸ್ತಿಕೆಗಳು, ಭಜನಾ ಮಂಡಳಿಯ ತತ್ವಪದಗಳ ನೋಟುಬುಕ್ಕುಗಳು ಆ ಸೂತ್ರಕ್ಕೆ ಒಗ್ಗುವುದಿಲ್ಲ. ಮಾಸ್ತರರ ತಲೆಮಾರು ಮುಗಿದ ಮೇಲೆ ಇವು ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತವೆ, ಇಲ್ಲವೆ ರದ್ದಿಗೆ ಹೋಗುತ್ತವೆ.

ಮೌಖಿಕ ಪರಂಪರೆಗೆ ಬೆಂಬಲ ನೀಡುವುದು ಸಾರ್ವಜನಿಕ ಗ್ರಂಥಾಲಯದ ಕರ್ತವ್ಯವೆಂದು ಯುನೆಸ್ಕೋದ 1994ರ ಪ್ರಣಾಳಿಕೆ ಹೇಳಿದೆ. 2022ರ ಪರಿಷ್ಕೃತ ಪ್ರಣಾಳಿಕೆಯಲ್ಲೂ ಆ ಅಂಶವಿದೆ. ಇದನ್ನು ಈ ಭಾಗದಲ್ಲಿ ಅನುಸರಿಸಲು ದೊಡ್ಡ ಅನುದಾನ ಬೇಕಾಗುವುದಿಲ್ಲ. ನವೆಂಬರ್ 14ರಿಂದ 20ರವರೆಗೆ ಆಚರಿಸುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಪುಸ್ತಕ ಪ್ರದರ್ಶನ, ಭಾಷಣ, ಮಕ್ಕಳ ಸ್ಪರ್ಧೆಗಳು ನಡೆಯುವುದು ರೂಢಿ. ಅದರಲ್ಲಿ ಒಂದು ಸಂಜೆಯನ್ನು ಊರಿನ ಹಾಡುಗಾರರಿಗೆ ಮೀಸಲಿಡಬಹುದು. ಧ್ವನಿಮುದ್ರಣಕ್ಕೆ ಇಂದು ಒಂದು ಮೊಬೈಲು ಸಾಕು. ಕೈಬರಹದ ಪ್ರತಿಯನ್ನು ಮನೆಯವರಿಂದ ಪಡೆದು, ಛಾಯಾಪ್ರತಿ ತೆಗೆಸಿ, ಮೂಲವನ್ನು ಹಿಂದಿರುಗಿಸಬಹುದು. ಮೂಲವನ್ನೇ ಕೇಳಿದರೆ ಯಾರೂ ಕೊಡರು, ಏಕೆಂದರೆ ಅನೇಕ ಮನೆಗಳಲ್ಲಿ ಅದಕ್ಕೆ ದೇವರ ಜಗುಲಿಯ ಮೇಲೆ ಪೂಜೆ ಸಲ್ಲುತ್ತದೆ. ಹಾಡಿದವರ ಹೆಸರು, ಊರು, ಕಲಿಸಿದ ಗುರುವಿನ ಹೆಸರುಗಳನ್ನು ತಪ್ಪದೆ ದಾಖಲಿಸಬೇಕು. ಹೀಗೆ ಕೂಡಿಸಿದುದನ್ನು ಸಿರುಗುಪ್ಪದ್ದು ಸಿರುಗುಪ್ಪದಲ್ಲೇ, ಕುರುಗೋಡಿನದು ಕುರುಗೋಡಿನಲ್ಲೇ ಕೇಳಸಿಗುವಂತೆ ಇಡುವುದು ಅವಶ್ಯ. ದೂರದ ಸಂಶೋಧನಾ ಕೇಂದ್ರದ ಕಪಾಟು ಸೇರಿದ ಹಾಡು ಹಾಡಿದವರ ಮೊಮ್ಮಕ್ಕಳ ಕಿವಿಗೆ ಮರಳಿ ಬಿದ್ದ ಉದಾಹರಣೆಗಳು ವಿರಳ.