ಮೊದಲು ತೂಕ, ಆಮೇಲೆ ಸೂತ್ರ

ನ್ಯೂಜೆರ್ಸಿಯ ಸೌತ್ ಬ್ರನ್ಸ್‌ವಿಕ್‌ಗೆ ಸೇರಿದ ಮಾನ್ಮತ್ ಜಂಕ್ಷನ್ ರೈಲು ದಾರಿಗಳು ಕೂಡುತ್ತಿದ್ದುದರಿಂದ ಹೆಸರು ಪಡೆದ ಊರು. ಇಂದು ಭಾರತೀಯ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಇಲ್ಲಿ ಕ್ರಾಸ್‌ರೋಡ್ಸ್ ನಾರ್ತ್, ಕ್ರಾಸ್‌ರೋಡ್ಸ್ ಸೌತ್ ಎಂಬ ಎರಡು ಸರ್ಕಾರಿ ಮಾಧ್ಯಮಿಕ ಶಾಲೆಗಳಿವೆ. ಆರರಿಂದ ಎಂಟನೇ ತರಗತಿವರೆಗಿನ ಮಕ್ಕಳ ಶಾಲೆಗಳಿವು.

ಸಮೀಕರಣ ಬಾಯಿಪಾಠ ಮಾಡಿ ಅಂಕ ಗಳಿಸಿದ ತಂದೆತಾಯಂದಿರಿಗೆ ಇಲ್ಲಿನ ರಸಾಯನ ಪಾಠ ಹೊಸತು. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ನೆಕ್ಸ್ಟ್ ಜನರೇಷನ್ ಸೈನ್ಸ್ ಸ್ಟ್ಯಾಂಡರ್ಡ್ಸ್’ ಎಂಬ ವಿಜ್ಞಾನ ಕಲಿಕೆಯ ಮಾನದಂಡಗಳನ್ನು ನ್ಯೂಜೆರ್ಸಿ 2014ರಲ್ಲಿ ಒಪ್ಪಿಕೊಂಡಿತು. ಅವುಗಳ ಪ್ರಕಾರ, ವಸ್ತುಗಳು ಬೆರೆಯುವ ಮೊದಲು ಹೇಗಿದ್ದವು, ಬೆರೆತ ಮೇಲೆ ಏನಾದವು ಎಂಬ ಅಳತೆಗಳನ್ನು ಮುಂದಿಟ್ಟುಕೊಂಡೇ ರಾಸಾಯನಿಕ ಕ್ರಿಯೆ ನಡೆಯಿತೇ ಎಂದು ಮಗು ತೀರ್ಮಾನಿಸಬೇಕು. ಪರಮಾಣುಗಳ ಲೆಕ್ಕ ಬದಲಾಗದೆಂದು ಮಾದರಿ ಮಾಡಿ ತೋರಿಸಬೇಕು. ಬಿಸಿ ಅಥವಾ ತಂಪು ಕೊಡುವ ಸಾಧನವೊಂದನ್ನು ತಾನೇ ರೂಪಿಸಬೇಕು.

ಈ ಹಂತಕ್ಕೆ ಹೇಳಿಮಾಡಿಸಿದ ಪ್ರಯೋಗ ಅಡುಗೆ ಸೋಡಾ ಮತ್ತು ವಿನೆಗರ್‌ನದು.

ತಕ್ಕಡಿಯ ಮೇಲೆ 50 ಮಿ.ಲೀ. ವಿನೆಗರ್ ಇರುವ ಲೋಟ, ಪಕ್ಕದಲ್ಲೇ ಕಾಗದದ ಮೇಲೆ 2 ಗ್ರಾಂ ಸೋಡಾ ಇಟ್ಟು ತೂಗಬೇಕು. ಸೋಡಾ ಸುರಿದರೆ ನೊರೆ ಉಕ್ಕುತ್ತದೆ, ಲೋಟ ತಣ್ಣಗಾಗುತ್ತದೆ, ಒಟ್ಟು ತೂಕ ಹೆಚ್ಚುಕಡಿಮೆ 1 ಗ್ರಾಂ ಇಳಿಯುತ್ತದೆ. ಆ ಒಂದು ಗ್ರಾಂ ಎಲ್ಲಿ ಹೋಯಿತು? ಇದನ್ನೇ ತಂಪು ಪಾನೀಯದ ಒಂದು ಲೀಟರ್ ಬಾಟಲಿಯಲ್ಲಿ, ಮುಚ್ಚಳ ಬಿಗಿದು ಮಾಡಿದರೆ ತೂಕ ಕದಲುವುದಿಲ್ಲ. ಮುಚ್ಚಳ ಸಡಿಲಿಸಿದೊಡನೆ ಇಂಗಾಲದ ಡೈಆಕ್ಸೈಡ್ ಬುಸ್ಸೆಂದು ಹೊರಟು, ತೂಕ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಾಡಿದರೆ ಬಾಯಿ ಕಟ್ಟಿದ್ದರೂ ತಕ್ಕಡಿ ಕಡಿಮೆ ತೋರಿಸುತ್ತದೆ. ಉಬ್ಬಿದ ಚೀಲವನ್ನು ಸುತ್ತಲಿನ ಗಾಳಿ ಮೇಲಕ್ಕೆತ್ತುವುದೇ ಕಾರಣ. ಫ್ರಾನ್ಸಿನ ಲಾವಾಸಿಯೆ 1789ರ ತನ್ನ ಗ್ರಂಥದಲ್ಲಿ ನಿರೂಪಿಸಿದ ದ್ರವ್ಯರಾಶಿ ಸಂರಕ್ಷಣೆಯ ನಿಯಮವನ್ನು ಹನ್ನೆರಡರ ಮಗು ಹೀಗೆ ತಕ್ಕಡಿ ನೋಡಿಯೇ ಕಂಡುಕೊಳ್ಳುತ್ತದೆ.

ಕನ್ನಡ ಮನೆಗಳಲ್ಲಿ ಇನ್ನೊಂದು ಪ್ರಯೋಗ ಆಗಲೇ ಸಿದ್ಧವಿದೆ. ಆರತಿಯ ಕೆಂಪು ನೀರಿಗೆ ಬೇಕಾದ್ದು ಅರಿಶಿನ, ಸುಣ್ಣ. ಸುಣ್ಣದ ಕ್ಷಾರ ಅರಿಶಿನದ ಕರ್ಕ್ಯುಮಿನ್ ಅಣುವಿನ ರೂಪ ಬದಲಿಸುವುದರಿಂದ ಹಳದಿ ಕೆಂಪಾಗುತ್ತದೆ. ಸಾಕಷ್ಟು ನಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ರಾಸಾಯನಿಕ ಬದಲಾವಣೆಯನ್ನು ಹಿಂದಿರುಗಿಸಲಾಗದು ಎಂದು ಕಲಿತವರು ಇದನ್ನು ಮಾಡಿ ನೋಡಬೇಕು.

ಮನೆಯಲ್ಲಿ ಮಾಡುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ, ದೊಡ್ಡವರು ಜೊತೆಗಿರಲಿ. ಬಾಟಲಿಗೆ ಹೇಳಿದ್ದಕ್ಕಿಂತ ಹೆಚ್ಚು ಸೋಡಾ ಹಾಕಬೇಡಿ. ಬಟ್ಟೆಯ ಬ್ಲೀಚ್‌ಗೆ ವಿನೆಗರನ್ನು ಎಂದಿಗೂ ಬೆರೆಸಬಾರದು. ಅದರಿಂದ ಹೊಮ್ಮುವುದು ವಿಷಕಾರಿ ಕ್ಲೋರಿನ್ ಅನಿಲ.