ಮೊದಲು ಒಂದು ಗುಳಿಗಿ ಸಾಕಿತ್ತು, ಈಗ ಎರಡಾದರೂ ನೋವು ಹೋಗಲ್ಲ: ಕಾರಣ ಮೆದುಳಿನಲ್ಲಿದೆ

ಕಲಬುರಗಿ: ಶಹಾಬಾದ್‌ನ ಪರ್ಸಿ ಕಲ್ಲಿನ ಖಣಿ, ವಾಡಿ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿ, ಚಿತ್ತಾಪುರ, ಚಿಂಚೋಳಿಯ ತೊಗರಿ ಹೊಲ. ಬಗ್ಗಿ, ಎತ್ತಿ, ಹೊತ್ತು ಮಾಡುವ ಕೆಲಸವೇ ಇಲ್ಲಿ ಜಾಸ್ತಿ. ಸೊಂಟ ನೋವು, ಮೊಣಕಾಲು ನೋವಿಗೆ ಮೆಡಿಕಲ್‌ನಿಂದ ಗುಳಿಗಿ ತಂದು ನುಂಗೋದು ಹೊಸದೇನಲ್ಲ. ಆದರೆ ಎಲ್ಲಾ ನೋವಿನ ಗುಳಿಗಿ ಒಂದೇ ಅಲ್ಲ.

ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಬೇರೆ. ಟ್ರಮಡಾಲ್, ಟಪೆಂಟಡಾಲ್, ಕೆಲವು ಕೆಮ್ಮಿನ ಸಿರಪ್‌ನಲ್ಲಿರುವ ಕೊಡೀನ್, ಕ್ಯಾನ್ಸರ್ ರೋಗಿಗಳಿಗೆ ಕೊಡುವ ಮಾರ್ಫಿನ್ ಬೇರೆ. ಇವು ಅಫೀಮಿನ ಬಳಗ, ವೈದ್ಯರ ಭಾಷೆಯಲ್ಲಿ ಓಪಿಯಾಯ್ಡ್.

ಮೆದುಳು ಮತ್ತು ಬೆನ್ನುಹುರಿಯ ನರಕೋಶಗಳ ಮೇಲೆ ಈ ಔಷಧ ಬಂದು ಕೂರುವ ಜಾಗಗಳಿವೆ. ಅವೇ ರಿಸೆಪ್ಟರ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್, ಸಾಲೊಮನ್ ಸ್ನೈಡರ್ 1973ರಲ್ಲಿ ಇವನ್ನು ತೋರಿಸಿಕೊಟ್ಟರು. ನಮ್ಮ ದೇಹವೇ ತಯಾರಿಸುವ ಎಂಡಾರ್ಫಿನ್ ಕೂಡ ಇಲ್ಲೇ ಕೆಲಸ ಮಾಡುತ್ತದೆ. ಕೀಲಿಗೆ ಚಾವಿ ಕೂತಂತೆ ಔಷಧ ಕೂತರೆ ನೋವಿನ ಸುದ್ದಿ ಮೇಲಕ್ಕೆ ಹೋಗುವುದು ಕಡಿಮೆಯಾಗುತ್ತದೆ.

ತಿಂಗಳುಗಟ್ಟಲೆ ದಿನಾ ನುಂಗಿದರೆ ಈ ರಿಸೆಪ್ಟರ್‌ಗಳು ಮಂದವಾಗುತ್ತವೆ. ಕೆಲವನ್ನು ಕೋಶ ತನ್ನೊಳಗೇ ಎಳೆದುಕೊಳ್ಳುತ್ತದೆ. ಚಾವಿ ಅದೇ, ಕೀಲಿ ಮಾತ್ರ ತೆರೆಯವಲ್ದು. ಅದಕ್ಕೇ ಒಂದು ಗುಳಿಗಿ ಎರಡಾಗುತ್ತದೆ.

ಇಷ್ಟಕ್ಕೇ ಮುಗಿಯಲ್ಲ. ಔಷಧ ಅದುಮಿಟ್ಟಿದ್ದನ್ನು ಸರಿದೂಗಿಸಲು ನರಕೋಶ ಒಳಗೊಳಗೇ ಹೆಚ್ಚು ಜೋರಾಗಿ ಓಡುತ್ತಿರುತ್ತದೆ. ಗುಳಿಗಿ ತಪ್ಪಿದ ದಿನ ಆ ಜೋರು ಹೊರಬೀಳುತ್ತದೆ: ಮೈಕೈ ನೋವು, ಬೆವರು, ಭೇದಿ, ನಿದ್ದೆಯಿಲ್ಲದ ರಾತ್ರಿ. ಹಳೇ ಸೊಂಟ ನೋವೇ ತಿರುಗಿ ಬಂತು ಅಂದುಕೊಂಡು ಮತ್ತೆ ನುಂಗುತ್ತಾರೆ. ಸಿಕ್ಕಿಬೀಳೋದು ಇಲ್ಲೇ. ಕೆಲವರಲ್ಲಿ ಔಷಧವೇ ನೋವಿನ ಸೂಕ್ಷ್ಮತೆ ಹೆಚ್ಚಿಸುತ್ತದೆ, ಸಣ್ಣ ಪೆಟ್ಟೂ ದೊಡ್ಡದಾಗಿ ಅನ್ನಿಸುತ್ತದೆ.

ಜೀವಕ್ಕೆ ಅಪಾಯ ಉಸಿರಾಟದಲ್ಲಿದೆ. ಡೋಸ್ ಏರಿದಾಗ, ಅದರಲ್ಲೂ ಸೆರೆ ಅಥವಾ ನಿದ್ದೆ ಗುಳಿಗಿ ಜತೆ ಸೇರಿದಾಗ, ಉಸಿರೇ ನಿಲ್ಲಬಹುದು. ಕೆಲವು ವಾರ ಬಿಟ್ಟವರು ಮತ್ತೆ ಹಳೇ ಡೋಸ್ ತಗೊಂಡರೂ ಇದೇ ಭಯ, ಯಾಕಂದರೆ ಅಷ್ಟರಲ್ಲಿ ದೇಹದ ಒಗ್ಗುವಿಕೆ ಇಳಿದಿರುತ್ತದೆ.

ಕ್ಯಾನ್ಸರ್ ರೋಗಿಯ ಮನೆಯವರು ಇದನ್ನೋದಿ ಮಾರ್ಫಿನ್ ನಿಲ್ಲಿಸಬಾರದು. ಕಲಬುರಗಿಯ ಕಿದ್ವಾಯಿ ಕೇಂದ್ರದಂಥ ಕಡೆ ವೈದ್ಯರು ಅಳೆದು ಕೊಡುವ ಔಷಧಕ್ಕೆ ದೇಹ ಒಗ್ಗುವುದು ಬೇರೆ, ಚಟವೇ ಬೇರೆ. ನೋವಿನಲ್ಲಿ ನರಳಿಸುವುದರಿಂದ ಯಾರಿಗೂ ಲಾಭವಿಲ್ಲ.

ಟ್ರಮಡಾಲ್ 2018ರಿಂದ ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ಇದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲಿನ ಈ ಮಾತು ಅಂಗಡಿ ಕೌಂಟರ್‌ವರೆಗೂ ಬರಬೇಕು.

ಬಹಳ ದಿನದಿಂದ ತಗೊಳ್ತಿರುವವರು ಒಮ್ಮೆಲೇ ಬಿಡುವುದೂ ಬೇಡ. ವೈದ್ಯರ ಹತ್ತಿರ ಡೋಸ್ ಹಂತಹಂತವಾಗಿ ಇಳಿಸಿಕೊಂಡರೆ ರಿಸೆಪ್ಟರ್‌ಗಳು ನಿಧಾನಕ್ಕೆ ಚೇತರಿಸಿಕೊಳ್ಳುತ್ತವೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ.